ಕೆಂಚಿಗೆ ಹತ್ತಿದ ಕೆರೆತ

ನಮ್ಮ ಮನೆಯ ಬೆಕ್ಕು ದುಃಖದಲ್ಲಿದೆ ಎಂಬ ಸುದ್ದಿ ಕೌಲ್ ಬಜಾರಿನಲ್ಲಿ ಹಬ್ಬಿ, ಅರ್ಧ ಓಣಿ ಬಂದು ಅದನ್ನು ನೋಡಿಕೊಂಡು ಹೋಯಿತು. (ನನ್ನನ್ನು ಮಾತಾಡಿಸಿದವರು ಅಷ್ಟಿರಲಿಲ್ಲ.)

ಯುಗಾದಿಗೆ ಮೊದಲು ನನ್ನ ಹೆಂಡತಿ ಜ್ವರದಿಂದ ತೀರಿಕೊಂಡಳು. ಕೆಂಚಿ ಅವಳ ಬೆಕ್ಕು. ಸಿರುಗುಪ್ಪದ ತವರಿನಿಂದ ಬಂಡಿಯಲ್ಲಿ ಬರುವಾಗ ಸೆರಗಿನಲ್ಲಿ ಸುತ್ತಿ ತಂದದ್ದು. ನಮಗೆ ಮಕ್ಕಳಿಲ್ಲ. ಅವಳದೆಂದು ಉಸಿರಾಡುವ ಜೀವ ಈಗ ಅದೊಂದೇ.

ಕರ್ಮದ ದಿನ ಕಾಗೆ ಪಿಂಡ ಮುಟ್ಟಲಿಲ್ಲ. ಬಿಸಿಲು ಏರಿತು. ತವರಿನವರನ್ನು ಕೈಬಿಡುವುದಿಲ್ಲ ಎಂದೆ. ಮತ್ತೆ ಮದುವೆಯಾಗುವುದಿಲ್ಲ ಎಂದೆ. ಕಾಗೆ ಗೋಡೆ ಬಿಟ್ಟು ಇಳಿಯಲಿಲ್ಲ. "ಕೆಂಚಿನ್ನ ನೋಡ್ಕೊಂತೀನಿ" ಎಂದೆ. ಇಳಿಯಿತು.

ಅಲ್ಲಿಂದ ಕೆಂಚಿ ಬರೀ ಬೆಕ್ಕಾಗಿ ಉಳಿಯಲಿಲ್ಲ. ಕೆಲವು ದಿನಗಳಲ್ಲಿ ಅದು ಕಿವಿ ಕೆರೆದುಕೊಳ್ಳತೊಡಗಿದಾಗ ಅದು ದುಃಖವೇ ಎಂಬುದರಲ್ಲಿ ಯಾರಿಗೂ ಅನುಮಾನ ಬರಲಿಲ್ಲ.

"ಅಕಿನ್ನ ನೆನಸಿ ಕೊರಗಾಕ ಹತ್ತೇತಿ" ಎಂದಳು ಅವ್ವ.

ಹೆಂಡತಿಯ ಅಕ್ಕ ಕುರುಗೋಡಿನಿಂದ ಬಂದವರು ಬೆಕ್ಕನ್ನು ತೊಡೆಯ ಮೇಲೆ ಹಾಕಿಕೊಂಡು ಅತ್ತರು. ಅಳುತ್ತಲೇ ನನ್ನತ್ತ ತಿರುಗಿದರು: "ಗಂಡ ಗುಂಡುಕಲ್ಲಿನಂಗ ಅದಾನ. ಬೆಕ್ಕು ನೋಡ್ರಿ, ಹೆಂಗ ಸೊರಗೈತಿ!"

ನನಗೆ ಸಿಟ್ಟು ಬರಲಿಲ್ಲ. ನನಗೆ ನಾಲ್ಕು ಜನರ ಮುಂದೆ ಅಳಲು ಬರುವುದಿಲ್ಲ. ನನ್ನ ಪಾಲಿನದನ್ನೂ ಕೆಂಚಿಯೇ ಅಳುತ್ತಿದೆ ಎಂದುಕೊಂಡೆ. ಆಫೀಸಿನಿಂದ ಬಂದು ಅದನ್ನು ಮಡಿಲಲ್ಲಿ ಕೂರಿಸಿಕೊಳ್ಳುತ್ತಿದ್ದೆ. ಅದು ಕೆರೆದುಕೊಳ್ಳುತ್ತಿತ್ತು, ನಾನು ಸುಮ್ಮನೆ ಕೂತಿರುತ್ತಿದ್ದೆ. ಜೊತೆ ಎಂದರೆ ಇದೇ ಅಲ್ಲವೇ?

ಕಿವಿಯ ಅಂಚಿಗೆ ಹಕ್ಕಳೆ ಕಟ್ಟಿತು. ಹಣೆಯ ಕೂದಲು ಉದುರಿ ಚರ್ಮ ಕಂಡಿತು. ರಕ್ತ ಬಂತು. ಕಡೆಗೆ ಒಂದು ಕಣ್ಣು ಊದಿ ಮುಚ್ಚಿಕೊಂಡು, ಹಾಲಿನ ಬಟ್ಟಲಿಗೆ ಬೆನ್ನು ಹಾಕಿ ಮಲಗಿತು. ಆಗ ಹೆದರಿದೆ. ಲೀವ್ ಹಾಕಿ, ಬುಟ್ಟಿಯಲ್ಲಿಟ್ಟುಕೊಂಡು, ದಂಡಿನ ಪಾಳ್ಯದಲ್ಲಿ ದೊರೆಗಳ ಕುದುರೆ ನೋಡುವ ಡಾಕ್ಟರ್ ಸಾಹೇಬರ ಬಳಿಗೆ ಓಡಿದೆ.

"ಇದಕ್ಕೆ ದುಃಖ ಹತ್ತೇತ್ರೀ ಸಾಹೇಬ್ರ" ಎಂದೆ.

ಅವರು ಹಕ್ಕಳೆ ಕೆರೆದು ಗಾಜಿನ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದರು. "ನಿಮ್ಮ ದುಃಖಕ್ಕ ಕಾಲು ಅದಾವ್ರೀ. ಹುಳ ಇದು. ಎಲ್ಲಿ, ನಿಮ್ಮ ಕೈ ತೋರಿಸ್ರಿ?"

ಮುಂಗೈ ತುಂಬ ಕೆಂಪು ಗುಳ್ಳೆಗಳು. (ಬಿಸಿಲಿನ ಬೊಕ್ಕೆ ಎಂದುಕೊಂಡಿದ್ದೆ. ಬಳ್ಳಾರಿಯಲ್ಲಿ ಯಾರಿಗಿಲ್ಲ?)

"ನಿಮಗೂ ಹತ್ತೇತಿ ದುಃಖ!" ಎಂದು ನಕ್ಕರು. ಆಮೇಲೆ ನಗಲಿಲ್ಲ. "ಹಕ್ಕಳಿ ಕಟ್ಟಿದ ದಿನಾನ ತರಬೇಕಿತ್ತು. ಕೂಳು ಬಿಟ್ಟ ಮ್ಯಾಲೆ ತಂದೀರಿ. ಉಳಿದ್ರ ಅದರ ಪುಣ್ಯ."

ಗಂಧಕದ ಮುಲಾಮು ಕೊಟ್ಟರು. ನೆಕ್ಕದಂತೆ ಕೊರಳಿಗೆ ರಟ್ಟು ಕಟ್ಟಿದರು. ಮನೆಯಲ್ಲಿರುವ ಎಣ್ಣೆಗಳನ್ನೆಲ್ಲ ಹಚ್ಚಬೇಡಿ, ಬೆಕ್ಕು ಮೈಗೆ ಹಚ್ಚಿದ್ದನ್ನು ತಿನ್ನುವ ಪ್ರಾಣಿ ಎಂದರು.

ಕೆಂಚಿ ಉಳಿಯಿತು. ಹಣೆಯ ಮೇಲೆ ಹೊಸ ಕೂದಲು ಬಂದಿದೆ. ಹಾಲು ಕುಡಿಯುತ್ತದೆ, ಇಲಿ ಹಿಡಿಯುತ್ತದೆ, ಅವಳ ಚಾಪೆಯ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡುತ್ತದೆ. ಅವಳು ಬರುತ್ತಿದ್ದ ಬಾಗಿಲ ಕಡೆಗೆ ಒಮ್ಮೆಯೂ ನೋಡುವುದಿಲ್ಲ.

ಓದುಗರೇ, ನಿಮ್ಮ ಮನೆಯ ಬೆಕ್ಕು ಕೆರೆದುಕೊಂಡರೆ ಬೇಗ ಡಾಕ್ಟರಿಗೆ ತೋರಿಸಿ. ಆಮೇಲೆ ಒಬ್ಬರೇ ಅಳುವುದು ಹೇಗೆಂದು ಯಾರಿಗಾದರೂ ಗೊತ್ತಿದ್ದರೆ ನನಗೂ ತಿಳಿಸುತ್ತೀರಾ?