ಹಾಡಿಗೆ ಮೊದಲಿನ ಉಸಿರು

ಅಫಜಲಪುರದ ಬಸ್ ಸ್ಟ್ಯಾಂಡಿನ ಸಿಮೆಂಟು ಬೆಂಚಿನ ಮೇಲೆ ಅಂಬಾರಾಯ ಕೂರದ ದಿನವಿಲ್ಲ, ಆದರೆ ಅವನು ಯಾವ ಬಸ್ಸನ್ನೂ ಹತ್ತಿದವನಲ್ಲ. ಅವನು ಕಾಯುವುದು ಒಂದು ರ‍್ಯಾಪ್ ಹಾಡಿಗೆ. ಹರೆಯದಲ್ಲಿ ಅವನು ಸೊಲ್ಲಾಪುರದ ಹೋಟೆಲೊಂದರ ಜಾಜ್ ತಂಡದಲ್ಲಿ ಕೊಳಲು ನುಡಿಸುತ್ತಿದ್ದ. ಆ ತಂಡದ ಒಂದೇ ಒಂದು ಕ್ಯಾಸೆಟ್ಟಿನಿಂದ ಯಾರೋ ನಾಲ್ಕು ಸೆಕೆಂಡಿನ ತುಣುಕು ಕತ್ತರಿಸಿ, ಅದನ್ನೇ ತಿರುತಿರುಗಿಸಿ ಈ ಹಾಡಿನ ಬೆನ್ನಿಗೆ ಕಟ್ಟಿದ್ದಾರೆ. ಯಾರ ಮೊಬೈಲಿನಲ್ಲಿ ಅದು ಮೊಳಗಿದರೂ ಅಂಬಾರಾಯ ಬಾಯೊಳಗಿನ ಎಲಿಅಡಿಕಿ ಉಗುಳಿ, "ಇದು ನಂದದರಿ" ಅನ್ನುತ್ತಾನೆ. ಸ್ವರ ಒಂದು ಮೆಟ್ಟಲ ಮ್ಯಾಲ ಏರಿಸಿ ನನ್ನ ಕೊಳಲನ್ನ ಚಿಂವ್ ಚಿಂವ್ ಅನ್ನೋ ಗುಬ್ಬಿ ಮಾಡ್ಯಾರ ಎಂದು ಬೈಯುತ್ತಾನೆ. ಬಸ್ಸು ಹೊರಟು ನಿಂತರೂ ಹಾಡು ಮುಗಿಯುವತನಕ, ಕೇಳಲು ಇಸಿದುಕೊಂಡ ಮೊಬೈಲು ತಿರುಗಿ ಕೊಡಲೊಲ್ಲ. "ನಿಮ್ಮದಂತ ಹೆಂಗ್ ಗುರ್ತ ಹಿಡೀಬೇಕ್ರಿ ಕಾಕಾ?" ಎಂದು ಜೇವರ್ಗಿ ಬಸ್ಸಿನ ಕಂಡಕ್ಟರ್ ಕಲ್ಲಿನಾಥ ಒಮ್ಮೆ ನಗುತ್ತಲೇ ತನ್ನ ಮೊಬೈಲು ಕೊಟ್ಟು ಕೇಳಿದ. "ಮೊದಲಿಗೆ ನಾ ಉಸರು ಎಳದದ್ದು ಕೇಳಸ್ತದ ನೋಡಪ. ಅದು ಕೇಳಸಬಾರದು ಅಂತ ನಮ್ಮ ಮಾಸ್ತರ್ ಬೈದಿದ್ರು. ಇವರು ಆ ತಪ್ಪನ್ನೂ ಕತ್ತರಿಸಿ ತಗೊಂಡಾರ." ಕಲ್ಲಿನಾಥ ಕಿವಿಗೊಟ್ಟ. ಹೌದು, ಪ್ರತಿ ಸಲವೂ ಕೊಳಲಿಗೆ ಮೊದಲು ಒಬ್ಬ ಹರೆಯದವನ ತುಂಬಿದೆದೆಯ ಉಸಿರು. ಆಮೇಲೆ ಅವನ ಕಣ್ಣು ಮುದುಕನ ಕಡೆ ಹೋಯಿತು. ದಮ್ಮಿನ ರೋಗ ಹತ್ತಿ ಹನ್ನೊಂದು ವರ್ಷದಿಂದ ಕೊಳಲು ಮುಟ್ಟದ ಅಂಬಾರಾಯ, ಹಾಡಿನ ಜೊತೆಗೇ ಉಸಿರು ಎಳೆದುಕೊಳ್ಳುತ್ತಿದ್ದ. ಹಾಡಿನೊಳಗಿನ ಉಸಿರು ಕೊಳಲಾಯಿತು. ಬೆಂಚಿನ ಮೇಲಿನದು ಅರ್ಧಕ್ಕೇ ಸಿಕ್ಕಿಕೊಂಡು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಅವನು ಬಾಯಿ ಒರೆಸಿಕೊಂಡು, "ಇನ್ನೊಮ್ಮೆ ಹಚ್ಚಪ" ಅಂದ.