ಅತ್ತಿಮರವಿದ್ದ ಜಾಗ

ಇಸವಿ ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ, ಖಚಿತವಿಲ್ಲ. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದ ನಾನು ರಜೆಗೆ ಅವ್ವನೊಡನೆ ಅವಳ ತವರು ಹರಪನಹಳ್ಳಿಗೆ ಹೋಗಿದ್ದೆ. ಇಷ್ಟು ನಿಜ. ಮಾತುಗಳನ್ನೆಲ್ಲ ಕೇಳಿದಂತೆಯೇ ಬರೆಯುತ್ತಿದ್ದೇನೆಂದು ಆಣೆ ಮಾಡಲಾರೆ.

ಊರಂಚಿನಲ್ಲಿ ಪಾಳೆಯಗಾರರ ಕಾಲದ ತೋಟವಿತ್ತು. ರಾಣಿವಾಸದವರು ಬೇಸಿಗೆಗೆ ಅಲ್ಲಿಗೆ ಬರುತ್ತಿದ್ದರಂತೆ. ನಾನು ಚಿಕ್ಕವಳಿದ್ದಾಗ ಕಂಡದ್ದು ಮೆಟ್ಟಿಲ ಬಾವಿ, ಕುಸಿದ ಮಂಟಪ, ಗಿಳಿ ತುಂಬಿದ ಹುಣಸೆ ಮರಗಳು, ಬಾವಿಯ ಸುತ್ತ ಅತ್ತಿಮರಗಳು.

ನನಗಿಂತ ಮೊದಲು ಹುಟ್ಟಿದ ಗಂಡುಕೂಸು ಒಂಬತ್ತನೇ ದಿನಕ್ಕೆ ತೀರಿಕೊಂಡಿತ್ತು. ಎಳೆಗೂಸನ್ನು ಹಾಲು ಒಸರುವ ಮರದ ಬುಡದಲ್ಲಿ ಹೂಳುವುದು ನಮ್ಮ ಮನೆಯ ರೂಢಿ. ಅದು ಹಸಿದು ಅಳಬಾರದೆಂದು. ಅವ್ವನ ಅಣ್ಣ, ನನ್ನ ಮಾವ, ಒಬ್ಬರೇ ಹೋಗಿ ಆ ತೋಟದ ಅತ್ತಿಮರವೊಂದರ ಕೆಳಗೆ ಹೂತು ಬಂದರು. ತಾಯಿ ಯಾವತ್ತೂ ಅತ್ತ ಹೋಗಬಾರದೆಂದು ಅಜ್ಜಿಯ ಕಟ್ಟಪ್ಪಣೆ.

ಆ ಬೇಸಿಗೆ ತೋಟ ಪಾರ್ಕಾಗುತ್ತಿತ್ತು. ಅಜ್ಜಿ ಬದುಕಿರಲಿಲ್ಲ. ಮರ ಕಡಿಯುತ್ತಿದ್ದಾರೆಂದು ಕೇಳಿದ್ದೇ ತಡ, ಅವ್ವ ಮಾವನನ್ನು ಎಬ್ಬಿಸಿಕೊಂಡು ಹೊರಟಳು. ನಾನೂ ಹಿಂದೆ ಹೋದೆ.

"ಏನ್ರಿ, ಪಾಳೇಗಾರ್ರ ಹೊನ್ನಿನ ಕೊಡ ಹುಡುಕಾಕ ಬಂದೀರೇನು?" ಎಂದು ಕೆಲಸದ ಮೇಸ್ತ್ರಿ ನಕ್ಕ. "ಸಿಕ್ರ ನನಗೂ ಪಾಲು ಕೊಡ್ರಿ!"

"ನನ್ ಕೂಸು ಐತಪ್ಪ ಇಲ್ಲಿ," ಎಂದಳು ಅವ್ವ.

ಅವನು ತಲೆಗೆ ಸುತ್ತಿದ್ದ ಟವೆಲ್ಲು ತೆಗೆದ. "ತಪ್ಪಾತು ಯವ್ವಾ. ಎಲ್ಲೈತಿ ತೋರಸ್ರಿ. ನಾಳೆ ಜೋಕಾಲಿ ಕಂಬ ಹುಗೀತೀವಿ, ಅಷ್ಟು ಜಾಗ ಬಿಡ್ತೀನಿ."

ಒಂದು ಅತ್ತಿಮರವೂ ಉಳಿದಿರಲಿಲ್ಲ. ಬೊಡ್ಡೆ ಕಿತ್ತು ನೆಲ ಸಮ ಮಾಡಿದ್ದರು. ಮಾವ ಬಾವಿಯಿಂದ ಹೆಜ್ಜೆ ಎಣಿಸಿದರು, ನಿಂತರು, ಹಿಂದಕ್ಕೆ ಹೋಗಿ ಮತ್ತೆ ಎಣಿಸಿದರು.

"ಅಣ್ಣಾ, ನೀನಽ ಮರತ್ರ ನಾ ಯಾರನ್ನ ಕೇಳ್ಲಿ?"

ಮಾವ ನೆಲ ನೋಡಲಿಲ್ಲ, ಅವಳ ಮುಖ ನೋಡಿದರು. "ಇಲ್ಲೇ ತಂಗಿ," ಎಂದು ನಿಂತ ಜಾಗವನ್ನೇ ತೋರಿಸಿದರು.

ಅವ್ವ ಕೂತು, ಕೂಸಿನ ಬೆನ್ನು ತಟ್ಟುವಂತೆ ಮಣ್ಣು ತಟ್ಟಿದಳು. ಅವಳು ಬಿಕ್ಕಿ ಅತ್ತದ್ದನ್ನು ನಾನು ಅಂದೇ ಮೊದಲು ಕಂಡದ್ದು. ಮೇಸ್ತ್ರಿ ಸುತ್ತಲೂ ನಾಲ್ಕು ಕಲ್ಲಿಟ್ಟ.

ಅಂದಿನ ಡೈರಿಯಲ್ಲಿ "ಮಾವ ಜಾಗ ತೋರಿಸಿದರು" ಎಂದಷ್ಟೇ ಇದೆ. ಅವರು ಅವ್ವನ ಮುಖ ನೋಡಿದ್ದು ನಾನು ಆಮೇಲೆ ಸೇರಿಸಿಕೊಂಡದ್ದೋ ಏನೋ. ಸಾಯುವವರೆಗೂ ಅವ್ವ ತವರಿಗೆ ಹೋದಾಗಲೆಲ್ಲ ಆ ಕಲ್ಲುಗಳ ಬಳಿ ಕೂತು, ಹಗುರಾಗಿ ಮನೆಗೆ ಬರುತ್ತಿದ್ದಳು. ಅದನ್ನು ಕಂಡ ಮೇಲೆ ನಾನು ಕೆದಕಬಾರದಿತ್ತು. ಆದರೆ ಅವಳನ್ನು ಮಣ್ಣು ಮಾಡಿ ಬಂದ ಸಂಜೆ, ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದ ಮಾವನನ್ನು ಕೇಳಿಬಿಟ್ಟೆ. ನಾನು ಕೇಳಿದ್ದು ಇಷ್ಟೇ:

"ಮಾಮಾ, ಅವತ್ತು ನಿಮಗ ಜಾಗ ಗೊತ್ತಿತ್ತೇನ್ರಿ?"