ಯೂರಿಯಾ ಚೀಲ ತೊಟ್ಟು ಹಿಮಾಲಯಕ್ಕೆ

ನಾನು ಹೇಳುವುದನ್ನು ನೀವು ನಂಬುವುದಿಲ್ಲ. ನಂಬಲೇಬೇಕು ಎಂದು ನನಗೂ ಹಟವಿಲ್ಲ. ಅರ್ಧ ನಂಬಿದರೂ ನಡೆಯುತ್ತದೆ, ಉಳಿದರ್ಧ ನಾನು ಸೇರಿಸಿದ್ದೇ ಇರುತ್ತದೆ. ಆದರೆ ಕಳೆದ ವರ್ಷ ಶಹಾಪುರದ ಒಂದು ನಡುಮಧ್ಯಾಹ್ನ, ನೆರಳುಗಳು ಕೂಡ ಮನೆಯೊಳಗೆ ಹೋಗಿ ಮಲಗುವ ಬಿಸಿಲಿನಲ್ಲಿ, ಒಬ್ಬ ಹುಡುಗಿ ಯೂರಿಯಾ ಚೀಲದ ಜಾಕೀಟು ತೊಟ್ಟು, ಅಪ್ಪನ ಗಮ್ ಬೂಟು ಮೆಟ್ಟಿ, ತಲೆಯ ಮೇಲೆ ಬರ್ಫದ ಪುಡಿ ಸುರಿಸಿಕೊಳ್ಳುತ್ತ ಹಿಮಾಲಯ ಹತ್ತಿದ್ದು ನಿಜ. ನಮ್ಮ ಇಡೀ ಓಣಿ ನೋಡಿದೆ. ನಮ್ಮ ಎಮ್ಮೆಯೂ ನೋಡಿದೆ. ಆ ಹುಡುಗಿ ನಾನೇ.

ಶುರುವಾದದ್ದು ಶಾಲೆಯಲ್ಲಿ. ಪರೀಕ್ಷೆ ಮುಗಿದ ದಿನ ಪಿ.ಟಿ. ಸರ್ ನನ್ನನ್ನೂ ಪಕ್ಕದ ಮನೆಯ ನನ್ನ ಗೆಳತಿಯನ್ನೂ ಕರೆದರು. ಬೇಸಿಗೆ ರಜೆಯಲ್ಲಿ ಹಿಮಾಲಯದ ಕಡೆ ಬೆಟ್ಟ ಹತ್ತುವ ಶಿಬಿರ. ನಮ್ಮ ಶಾಲೆಯಿಂದ ಇಬ್ಬರಿಗೆ ಜಾಗ, ಖರ್ಚೆಲ್ಲ ಅವರದ್ದೇ, ಯಾದಗಿರಿಯಿಂದ ರೈಲು. ಹಗ್ಗ, ಡೇರೆ, ಊಟ ಅಲ್ಲಿ ಕೊಡುತ್ತಾರೆ. ಮೈಮೇಲಿನದು, ಕಾಲಿನದು, ಬೆನ್ನ ಮೇಲಿನದು ನಾವೇ ತರಬೇಕು.

"ಮನ್ಯಾಗ ಕೇಳ್ರಿ" ಅಂದರು ಸರ್. "ಮುಂದಿನ ಸೋಮವಾರದೊಳಗ ಅಪ್ಪಾಜಿ ಹೂಂ ಅನ್ನಬೇಕು. ಇಲ್ಲಂದ್ರ ಆ ಜಾಗಾ ಮತ್ತೊಬ್ಬರಿಗಿ ಹೋಗ್ತದ."

ಗೆಳತಿಯ ಅಪ್ಪನಿಗೆ ಕಿರಾಣಿ ಅಂಗಡಿ. ಗಿರಾಕಿಗೆ ಬೆಲ್ಲ ತೂಗುತ್ತಲೇ ಹೂಂ ಅಂದುಬಿಟ್ಟರಂತೆ. ನನ್ನಪ್ಪ ಕಾಲುವೆಯ ಗೇಟು ನೋಡಿಕೊಳ್ಳುವವನು. ಗೇಟನ್ನು ಎಷ್ಟು ತಿರುವಿದರೆ ಯಾರ ಗದ್ದೆಗೆ ಎಷ್ಟು ನೀರು ಎಂದು ಬಲ್ಲವನು. ಅಂಥವನ ಬಾಯಿಂದ ಮಾತೂ ಅಳತೆಯಲ್ಲೇ ಬರುತ್ತದೆ.

"ಅಪ್ಪಾ, ನಾ ಹಿಮಾಲಯಕ್ಕ ಹೊಂಟೀನಿ" ಅಂದೆ ರಾತ್ರಿ ಊಟಕ್ಕೆ ಕೂತಾಗ. ಕೇಳಬೇಕಾದದ್ದನ್ನು ಹೇಳಿಬಿಡುವುದು ನನ್ನ ಪದ್ಧತಿ.

ಅಪ್ಪ ರೊಟ್ಟಿ ಮುರಿದ. "ಮಾಳಿಗಿ ಮ್ಯಾಲಿನ ಮೆಣಸಿನಕಾಯಿ ತಾ ಅಂದ್ರ ಮೊಣಕಾಲು ನೋವು ಅಂತಿ. ಹಿಮಾಲಯ ಹ್ಯಾಂಗ ಏರ್ತಿ?"

"ಅದು ಬ್ಯಾರೆ ನಮೂನಿ ನೋವಪ್ಪಾ. ಮೆಣಸಿನಕಾಯಿ ಅಂದ್ರ ಅಷ್ಟ ಬರ್ತದ."

"ನಿನ್ನ ಬಾಯಿ ಎಲ್ಲಿ ಬೇಕಾದ್ರೂ ಏರ್ತದ, ಅದರದ್ದೇನೂ ಚಿಂತಿಲ್ಲ. ನಾ ಕಾಲಿನ ಮಾತು ಕೇಳಾಕತ್ತೀನಿ."

ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕೈ ತೊಳೆದು ಎದ್ದುಹೋದ. ಅವ್ವನ ಕಡೆ ನೋಡಿದೆ. "ನನ್ನ ಮಾರಿ ಏನು ನೋಡ್ತಿ? ಅವರು ಹೂಂ ಅಂದ್ರ ನಾ ನಿನ್ನ ದಾರಿ ಬುತ್ತಿಗಿ ಶೇಂಗಾ ಹಿಂಡಿ ಕುಟ್ಟಾಕ ತಯಾರಿದೀನಿ" ಅಂದಳು.

ಆ ರಾತ್ರಿಯೇ ನಾನೊಂದು ಹಂಚಿಕೆ ಹಾಕಿದೆ. ಹೊರಟು ನಿಂತವರನ್ನು ತಡೆಯಲು ಅಪ್ಪನಿಗೆ ಬರುವುದಿಲ್ಲ. ಮನೆಗೆ ಬಂದ ನೆಂಟರು ಚೀಲ ಕೈಗೆ ತಗೊಂಡರೆ "ಇರ್ರಿ" ಎಂದು ಒಂದೇ ಸಲ ಹೇಳುತ್ತಾನೆ, ಎರಡನೇ ಸಲ ಅವರ ಚೀಲ ಹೊತ್ತು ಬಸ್‌ಸ್ಟ್ಯಾಂಡಿಗೆ ನಡೆಯುತ್ತಾನೆ. ಹಾಗಾಗಿ ನಾನು ಸೋಮವಾರದೊಳಗೆ ಹೊರಟು ನಿಲ್ಲಬೇಕು. ಸಾಮಾನು ಪೂರ್ತಿ ಸಿದ್ಧವಿರಬೇಕು.

ಮೊದಲು ಬ್ಯಾಗು. ಗೆಳತಿಗೆ ಹೈದರಾಬಾದಿನ ಮಾವ ಒಂದು ಬ್ಯಾಗು ಕಳಿಸಿದ್ದ. ಅದಕ್ಕೆ ಎಷ್ಟು ಕಿಸೆ ಎಂದರೆ, ಬಾಚಣಿಗೆ ಎಲ್ಲಿಟ್ಟೆ ಎಂದು ಹುಡುಕಲು ಅವಳು ಇಡೀ ಮನೆಯನ್ನು ಎಬ್ಬಿಸುತ್ತಿದ್ದಳು. ನನ್ನ ಹತ್ತಿರ ಏನಿತ್ತು? ಕಾಲುವೆ ಬಂದ ಮೇಲೆ ನಮ್ಮ ಕಡೆ ಭತ್ತ ಬಂತು. ಭತ್ತದ ಹಿಂದೆ ಹುಳ ಬಂತು. ಹುಳದ ಹಿಂದೆ, ಬೆನ್ನಿಗೆ ಕಟ್ಟಿಕೊಂಡು ಹುಳ ಕೊಲ್ಲುವ ಎಣ್ಣೆ ಹೊಡೆಯುವ ಪಂಪು ಬಂತು. ಕೆಟ್ಟ ಪಂಪು ಇಲ್ಲದ ಮನೆಯೇ ನಮ್ಮ ಓಣಿಯಲ್ಲಿಲ್ಲ. ನಮ್ಮದರ ಪಟ್ಟಿ ಬಿಚ್ಚಿ, ಸೋಡಾ ಹಾಕಿ ತೊಳೆದು, ಅಕ್ಕಿ ಚೀಲಕ್ಕೆ ದಬ್ಬಣದಿಂದ ಹೊಲಿದೆ. ಹೆಗಲಿಗೆ ಏನು ಬರೋಬ್ಬರಿ ಕೂತಿತು ಅಂತೀರಿ! ಇಡೀ ದಿನ ಗದ್ದೆಯಲ್ಲಿ ಹೊತ್ತು ನಡೆಯಲೆಂದೇ ಮಾಡಿದ ಪಟ್ಟಿ ಅದು. ವಾಸನೆ ಮಾತ್ರ ಹೋಗಲಿಲ್ಲ. ನಮ್ಮ ಓಣಿಯ ಸೊಳ್ಳೆಗಳೆಲ್ಲ ಅದೇ ವಾರ ಸುರಪುರಕ್ಕೆ ವರ್ಗ ಮಾಡಿಸಿಕೊಂಡವು.

ಗೆಳತಿ ಮೂಗು ಮುಚ್ಚಿಕೊಂಡಳು. "ಏನಲೇ, ಹಿಮಾಲಯಕ್ಕ ಹುಳದ ಎಣ್ಣಿ ಹೊಡಿಯಾಕ ಹೊಂಟೀಯೇನು?"

"ಹೌದು. ನಿನ್ನ ಬ್ಯಾಗಿನ ಕಿಸೇದಾಗ ಹುಳ ಹೊಕ್ಕಿರ್ತಾವಲ್ಲ, ಹೊರಗ ಬರೂ ದಾರಿ ಸಿಗಲಾರದ. ಅವಕ್ಕ."

ಬ್ಯಾಗಾಯಿತು. ಇನ್ನು ಥಂಡಿ. ಇಲ್ಲೇ ನಾವು ಎಡವಿದ್ದು. ಯಾದಗಿರಿ, ಶಹಾಪುರ, ಸುರಪುರ, ಈ ಮೂರು ಊರು ಸೇರಿಸಿ ಹಿಂಡಿದರೂ ಒಂದು ಬೊಗಸೆ ಚಳಿ ಬರುವುದಿಲ್ಲ. ನಮ್ಮ ಓಣಿಯಲ್ಲಿ ಸ್ವೆಟರ್ ಎಂದರೆ ಕೂಸುಗಳಿಗೆ ಹಾಕಿ ಫೋಟೋ ತೆಗೆಸುವ ವಸ್ತು. ದೊಡ್ಡವರ ಅಳತೆಯದು ಯಾರ ಮನೆಯಲ್ಲೂ ಇರಲಿಲ್ಲ. ಇದ್ದದ್ದು ಒಂದೇ: ಆಯಿಯ ಕರೀ ಕಂಬಳಿ. ಆಯಿ ಎಂದರೆ ಅಪ್ಪನ ಅವ್ವ. ಕೌದಿ ಹೊಲಿಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ, ವಾದದಲ್ಲಂತೂ ಇಲ್ಲವೇ ಇಲ್ಲ.

"ಕಂಬಳಿ ಒಯ್ತೀನಿ ಆಯಿ."

"ಹುಚ್ಚಿ ಅದಿ ಏನು? ಥಂಡಿ ಇದ್ದಲ್ಲಿ ಕಂಬಳಿ ಹೊದ್ರ ಸಾಯ್ತಿ."

"ಯಾಕ?"

ಆಯಿ ನನ್ನ ಕೈ ಹಿಡಿದು ಬಾಗಿಲಿಗೆ ಎಳೆದೊಯ್ದಳು. ಹೊರಗೆ ಬರ್ಫ ಮಾರುವ ಕಾಕಾ ಸೈಕಲ್ ನಿಲ್ಲಿಸಿದ್ದ. ಹಿಂದಿನ ಕ್ಯಾರಿಯರ್ ಮೇಲೆ ಬರ್ಫದ ದೊಡ್ಡ ಗಡ್ಡೆ, ಸುತ್ತ ಕಂಬಳಿ.

"ಬರ್ಫ ಕರಗಬಾರದಂತ ಕಂಬಳಿ ಸುತ್ಯಾನೋ ಇಲ್ಲೋ?"

"ಸುತ್ಯಾನ."

"ಥಂಡಿ ಹಂಗೇ ಹಿಡಿದಿಡೂದ ಕಂಬಳಿ ಕೆಲಸ. ನೀ ಸುತ್ತಿಗೊಂಡ್ರ ನೀನೂ ಗಡ್ಡಿ ಆಗ್ತಿ. ರೈಲಿನ್ಯಾಗ ತಂದು ಇಳಿಸಬೇಕಾಗ್ತದ."

ಈಗ ನಗುತ್ತೀರಿ. ಆದರೆ ಹುಟ್ಟಿದಾಗಿನಿಂದ ಕಂಬಳಿಯನ್ನು ಬರ್ಫದ ಮೈಮೇಲೆ ಮಾತ್ರ ನೋಡಿದ ಊರಿನಲ್ಲಿ ನಿಂತು ಯೋಚಿಸಿ. ನನಗೆ ಏಕದಮ್ ಖರೇ ಅನ್ನಿಸಿತು. ಗೆಳತಿ ಒಪ್ಪಲಿಲ್ಲ. ಹಾಗಾಗಿ ಪರೀಕ್ಷೆ ಮಾಡಿದೆವು. ಎರಡು ತುಂಡು ಬರ್ಫ ತಂದು, ಒಂದನ್ನು ಕಂಬಳಿಯಲ್ಲಿ ಸುತ್ತಿ, ಒಂದನ್ನು ಬರೀ ತಾಟಿನಲ್ಲಿಟ್ಟು ಅಂಗಳದಲ್ಲಿ ಕೂತೆವು. ತಾಟಿನದು ನಾವು ಕಣ್ಣು ಮಿಟುಕಿಸುವುದರೊಳಗೆ ನೀರಾಗಿ, ಆ ನೀರನ್ನು ಕೋಳಿ ಕುಡಿದು, ಮುಂದಿನ ಕೆಲಸಕ್ಕೆ ಹೋಯಿತು. ಕಂಬಳಿಯೊಳಗಿನದು ಮಹಾರಾಜನಂತೆ ಹಾಗೇ ಕೂತಿತ್ತು.

"ನೋಡು!" ಅಂದಳು ಆಯಿ.

"ಹಂಗಲ್ಲ ಆಯಿ, ಅದು ಹೊರಗಿನ ಬಿಸಿ ಒಳಗ ಬಿಟ್ಟಿಲ್ಲ" ಅಂದಳು ಗೆಳತಿ. "ನಮ್ಮ ಮೈಯಿನ ಬಿಸಿ ಹೊರಗ ಬಿಡಂಗಿಲ್ಲ, ಅಷ್ಟ."

"ಬಿಸಿ ಏನು ನಿನ್ನ ಮಾತು ಕೇಳ್ತದೇನು, ಒಳಗ ಬಾ, ಹೊರಗ ಹೋಗು ಅಂತ?"

ಆಯಿ ತೀರ್ಪು ಕೊಟ್ಟಳು: ತೊಟ್ಟರೆ ಯಾವುದರಲ್ಲಿ ಬೆವರು ಹರಿಯುತ್ತದೋ ಅದೇ ಬೆಚ್ಚಗಿನ ಬಟ್ಟೆ. ನಮ್ಮಲ್ಲಿ ಅಂಥದ್ದು ಒಂದೇ. ಮಳೆಯಲ್ಲಿ ಭತ್ತದ ನಾಟಿ ಮಾಡುವವರು ಯೂರಿಯಾ ಚೀಲವನ್ನು ತಲೆಯಿಂದ ಬೆನ್ನಿಗೆ ಇಳಿಬಿಡುತ್ತಾರಲ್ಲ, ಹೊರಗಿನ ಮಳೆಗಿಂತ ಒಳಗಿನ ಬೆವರಿಗೇ ಹೆಚ್ಚು ನೆನೆಯುತ್ತಾರೆ. ಆಯಿ ಎರಡು ಚೀಲ ಒಗೆದು, ನಡುವೆ ಹಳೇ ಸೀರೆಯ ಪದರ ಕೊಟ್ಟು, ಕೌದಿಯ ಹೊಲಿಗೆಯಲ್ಲಿ ಜಾಕೀಟು ಹೊಲಿದಳು. ಬೆನ್ನ ಮೇಲೆ ಹಸಿರು ಅಕ್ಷರದಲ್ಲಿ ಯೂರಿಯಾ ಎಂದು ಬರೆದದ್ದು ಹಾಗೇ ಉಳಿಯಿತು. ತೊಟ್ಟು ಬಾಗಿಲಿನಿಂದ ಹಿತ್ತಲಿಗೆ ಹೋಗುವಷ್ಟರಲ್ಲಿ ನಾನು ಒಂದು ಕೊಡ ಬೆವರಿದೆ. ಆಯಿಗೆ ತೃಪ್ತಿಯಾಯಿತು.

ಕಾಲಿಗೆ ಅಪ್ಪನ ಗಮ್ ಬೂಟು. ಬೇಸಿಗೆಗೆ ಕಾಲುವೆಯ ನೀರು ಬಂದ್ ಆಗುತ್ತದೆ, ಬೂಟು ಮೂಲೆ ಸೇರುತ್ತದೆ. ಮುಂದಿನ ಖಾಲಿ ಜಾಗಕ್ಕೆ ಬಟ್ಟೆ ತುರುಕಿದೆ. ನಾನು ಒಂದು ಹೆಜ್ಜೆ ಇಟ್ಟ ಮೇಲೆ ಬೂಟು ಯೋಚಿಸಿ ಆಮೇಲೆ ಬರುತ್ತಿತ್ತು.

ಇಷ್ಟು ಹೊತ್ತು ನಗಿಸಿದ್ದಾಯಿತು. ಇನ್ನೊಂದು ಮಾತು ಹೇಳಿಬಿಡುತ್ತೇನೆ, ಅದರಲ್ಲಿ ಏನೂ ಬೆರೆಸಿಲ್ಲ. ಅಪ್ಪ ಕಾಲಿನ ಮಾತು ತೆಗೆದದ್ದು ನನಗೆ ಚುಚ್ಚಿತ್ತು. ಬೆಳಗಿನ ಜಾವ ಯಾರೂ ಏಳುವ ಮೊದಲು ಚೀಲಕ್ಕೆ ಜೋಳ ತುಂಬಿ, ಬೆನ್ನಿಗೆ ಬಿಗಿದು, ಬೂಟು ಮೆಟ್ಟಿ ಕಾಲುವೆಗೆ ಹೋಗುತ್ತಿದ್ದೆ. ಒಣಗಿದ ಕಾಲುವೆಯ ತಳಕ್ಕಿಳಿದು, ಕಲ್ಲು ಹಾಸಿದ ಇಳಿಜಾರನ್ನು ಹತ್ತುವುದು. ಮತ್ತೆ ಇಳಿಯುವುದು, ಮತ್ತೆ ಹತ್ತುವುದು. ಮೊದಲ ದಿನ ಅರ್ಧಕ್ಕೇ ಜಾರಿ ಮೊಣಕಾಲು ತರಚಿತು. ನೋಡುವವರಿಲ್ಲದೆ ನಾನು ಬಿದ್ದದ್ದು ಜನ್ಮದಲ್ಲಿ ಅದೇ ಮೊದಲು. ಅಳಬೇಕೋ ಬೇಡವೋ ತಿಳಿಯಲಿಲ್ಲ. ಏರಿಯ ಮೇಲೆ ಕೂತರೆ ದೂರಕ್ಕೆ ನಮ್ಮ ಬೆಟ್ಟದ ಸಾಲು, ಬುದ್ಧ ಮಲಗಿದಂತೆ, ಹಣೆ, ಮೂಗು, ಎದೆ. ಬಿಸಿಲು ಅವನ ಮೂಗಿಗೆ ತಾಗುವ ಮೊದಲು ಮನೆಗೆ ಬಂದುಬಿಡುತ್ತಿದ್ದೆ. ಕೆಲವು ದಿನಗಳಲ್ಲಿ ಒಂದು ಸಲವೂ ಕೂರದೆ ಹತ್ತುವುದು ಬಂತು. ಗೆಳತಿಗೂ ಹೇಳಲಿಲ್ಲ.

ಭಾನುವಾರವಾದರೂ ಅಪ್ಪ ಬಾಯಿ ಬಿಡಲಿಲ್ಲ. ಮರುದಿನ ಸೋಮವಾರ. ಆ ಭಾನುವಾರ ಬೆಳಿಗ್ಗೆಯೇ ಸೈಕಲ್ ಹತ್ತಿ ಗೇಟಿನ ಕಡೆ ಹೋದವನು ಸಂಜೆಯವರೆಗೆ ಬರುವುದಿಲ್ಲ ಎಂದು ಅವ್ವ ಹೇಳಿದ್ದಳು. ಸುಮ್ಮನೆ ಕೂಡುವುದು ನನ್ನಿಂದ ಆಗಲಿಲ್ಲ. ಅದಕ್ಕೇ ಓಣಿಯವರಿಗೆಲ್ಲ ಸಾರಿದೆ: ಇವತ್ತು ಮಧ್ಯಾಹ್ನ ನಮ್ಮ ಅಂಗಳದಲ್ಲಿ ಹಿಮಾಲಯ.

ಮಾಳಿಗೆಗೆ ನಿಚ್ಚಣಿಕೆ ಹಾಕಿದೆವು, ಅದೇ ಪರ್ವತ. ಗೆಳತಿ ಬರ್ಫದ ಪುಡಿಯ ಬುಟ್ಟಿ ಹಿಡಿದು ಮೇಲೆ ನಿಂತಳು, ಅವಳೇ ಹಿಮಪಾತ. ಬರ್ಫದ ಕಾಕಾ ಸೈಕಲನ್ನು ಅಂಗಳಕ್ಕೇ ತಂದಿದ್ದ, ಜನ ಸೇರಿದ್ದರಿಂದ ಅವನಿಗೆ ಸುಗ್ಗಿ. ಆಯಿ ಹಗ್ಗದ ಮಂಚದ ಮೇಲೆ ಕೂತು ವಿವರಣೆ ಕೊಡುತ್ತಿದ್ದಳು.

"ಈಗ ನನ್ನ ಮಮ್ಮಗಳು ಮೋಡ ದಾಟಾಕತ್ಯಾಳ! ಕೆಳಗ ನೋಡಬ್ಯಾಡವಾ, ಕಣ್ಣು ತಿರಗ್ತಾವ!"

"ಆಯಿ, ಇನ್ನಾ ಮೂರನೇ ಮೆಟ್ಟಿಲದಾಗ ಅದಾಳ" ಅಂತ ಯಾರೋ ಕೂಗಿದರು.

"ನಿನಗ ಮೆಟ್ಟಿಲ ಕಾಣ್ತದ, ನನಗ ಮೋಡ ಕಾಣ್ತದ. ಸುಮ್ಮ ಕೂಡು!"

ಬರ್ಫ ಬಿತ್ತು. ಜಾಕೀಟಿನೊಳಗೆ ನಾನು ಇಡ್ಲಿಯಂತೆ ಬೇಯುತ್ತಿದ್ದೆ, ಮೇಲೆ ಬಿದ್ದ ಬರ್ಫ ಕುತ್ತಿಗೆಯಿಂದ ಇಳಿಯುವಷ್ಟರಲ್ಲಿ ಚಹಾ ಕಾಸುವಷ್ಟು ಬಿಸಿಯಾಗುತ್ತಿತ್ತು. ಆದರೂ ನಿಲ್ಲಲಿಲ್ಲ. ಮಾಳಿಗೆಯ ಅಂಚಿಗೆ ಕೈ ಹಾಕಿ, ಓಣಿಯ ಕಡೆ ತಿರುಗಿ, ಭಾಷಣಕ್ಕೆ ಬಾಯಿ ತೆರೆದೆ. ಚಪ್ಪಾಳೆ ಬರಬೇಕಾದಲ್ಲಿ ಏನೂ ಬರಲಿಲ್ಲ.

ಅಪ್ಪ ಬಾಗಿಲಲ್ಲಿ ನಿಂತಿದ್ದ.

ಬರ್ಫದ ಕಾಕಾ ಗಡ್ಡೆಗೆ ಕಂಬಳಿ ಮುಚ್ಚಿದ. ಜನ ಗೋಡೆಯೊಳಗಿಂದಲೇ ತೂರಿಹೋದವರಂತೆ ಮಾಯವಾದರು. ಗೆಳತಿ ಖಾಲಿ ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಕೂತಳು.

"ಇಳಿ."

ಇಳಿದೆ. ಒಂದು ಬೂಟು ಮೇಲೇ ಉಳಿಯಿತು.

ಅಪ್ಪ ನನ್ನ ಸುತ್ತ ಒಂದು ಸುತ್ತು ಬಂದ. ಬೆನ್ನ ಮೇಲಿನ ಚೀಲದ ಪಟ್ಟಿ ಬಿಚ್ಚಿ ಮೂಸಿದ. "ಈ ಚೀಲದಾಗ ತಿನ್ನೂ ಸಾಮಾನು ಇಡಾಕ ಹೊಂಟಿದ್ದೀಯೇನು? ಮೊದಲು ಇದು ಹೊರಗ." ಜಾಕೀಟು ಕಳಚಿ ಆಯಿಯ ಕೈಗೆ ಕೊಟ್ಟ. "ಯವ್ವಾ, ಇದು ಎಮ್ಮೀಗಿ ಹಾಕು, ಮಳ್ಯಾಗ. ಇಕಿಗಿ ಕಂಬಳಿ ಕೊಡು."

"ಬರ್ಫ ಆಗ್ತದಪ್ಪಾ ಪೋರಿ!"

"ಡಿಸೆಂಬರಿನ್ಯಾಗ ಗೇಟಿನ ಮ್ಯಾಲ ಕಂಬಳಿ ಹೊದ್ದು ಕೂಡಂವ ನಾನು. ಇನ್ನಾ ತನಕ ಆಗಿಲ್ಲ."

ಎಲ್ಲ ಹೋಯಿತು. ನಾನು ಬೆವರಿದ ಲಂಗದಲ್ಲಿ, ಒಂದು ಬರಿಗಾಲಿನಲ್ಲಿ ನಿಂತಿದ್ದೆ.

"ಅಪ್ಪಾ, ನಾಳಿಗಿ ಸರ್‌ಗ ಏನು ಹೇಳ್ಲಿ?"

"ಮೊಣಕಾಲು ತೋರ್ಸು" ಅಂದ ಅಪ್ಪ.

ಮೊಣಕಾಲಿನ ಸುದ್ದಿ ನಾನು ಯಾರಿಗೂ ಹೇಳಿರಲಿಲ್ಲ.

"ನೀರು ಬಂದ್ ಆದಾಗಿಂದ ಗೇಟಿಗಿ ಗ್ರೀಸ್ ಹಚ್ಚಾಕ ನಸುಕಿನ್ಯಾಗ ಹೋಗಾಕತ್ತೀನಿ. ಮ್ಯಾಲಿಂದ ಕಾಲುವಿ ಪೂರಾ ಕಾಣ್ತದ. ದಿನಾ ನೋಡೀನಿ. ನಿನ್ನೆ ಒಮ್ಮೆರ ಕುಂತಿಲ್ಲ ನೀನು." ಆಮೇಲೆ ಉಳಿದ ಬೂಟನ್ನು ತಾನೇ ಎಳೆದು ತೆಗೆದ. "ಕಾಲು ಒಂದು ಕಡಿ, ಬೂಟು ಒಂದು ಕಡಿ. ಹಿಂಗ ಹೋದ್ರ ಬೆಟ್ಟ ಏರೂದು ಬೂಟು, ನೀ ಅಲ್ಲ."

ಕಡ್ಡಿ ಕಸಬರಿಗೆಯಿಂದ ಒಂದು ಕಡ್ಡಿ ಹಿರಿದ. ನಮ್ಮ ಕಡೆ ಮಕ್ಕಳನ್ನು ಪೇಟೆಗೆ ಕರೆದುಕೊಂಡು ಹೋಗದೆ ಚಪ್ಪಲಿ ತರುವಾಗ ಹೀಗೇ ಮಾಡುತ್ತಾರೆ: ಪಾದದ ಉದ್ದಕ್ಕೆ ಕಡ್ಡಿ ಮುರಿದು ಕಿಸೆಯಲ್ಲಿ ಒಯ್ಯುತ್ತಾರೆ. ಅಪ್ಪ ಕುಕ್ಕರಗಾಲಲ್ಲಿ ಕೂತು, ನನ್ನ ಹಿಮ್ಮಡಿಗೆ ಕಡ್ಡಿಯ ತುದಿ ತಾಗಿಸಿ, ಹೆಬ್ಬೆರಳಿಗಿಂತ ಒಂದಿಷ್ಟು ಮುಂದಕ್ಕೆ ಪಟ್ ಎಂದು ಮುರಿದ. ಅಂಗಿಯ ಕಿಸೆಯಲ್ಲಿ ಪೆನ್ನಿನ ಪಕ್ಕ ಇಟ್ಟುಕೊಂಡ.

"ಯಾದಗಿರಿ ಬಸ್ಸು ಹೋಗಿಲ್ಲಲ್ಲ?" ಅಂತ ಅವ್ವನನ್ನು ಕೇಳಿದ. ಒಳಗೆ ಅವ್ವ ಆಗಲೇ ಶೇಂಗಾ ಹುರಿಯಲು ಬಾಣಲೆ ಇಟ್ಟ ಸದ್ದು ಬಂತು.

ನಾನು ಇನ್ನೊಂದು ಕಾಲನ್ನೂ ಮುಂದಿಟ್ಟೆ.

"ಒಂದ ಸಾಕು" ಅಂದ ಅಪ್ಪ.